ನೂರು ಗಂಟೆ ಆಡಿ ಬೈಯುವ ಕಲೆ

‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಎಂಬ ವಿಡಿಯೋ ಗೇಮ್‌ಗೆ ಸಂಬಂಧಿಸಿದಂತೆ ಒಂದು ಅಲಿಖಿತ ಕಾನೂನಿದೆ. ಅದನ್ನು ಎಷ್ಟು ಬೇಕಾದರೂ ಆಡಬಹುದು, ಇಷ್ಟಪಡುವಂತಿಲ್ಲ. ನೂರು ಗಂಟೆ ಆಡಿ, ನಕ್ಷೆಯ ಮೇಲೆ ಇನ್ನೂ ನೋಡದ ಜಾಗಗಳನ್ನು ತೋರಿಸುವ ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಹೆಚ್ಚುವರಿ ಕಂತುಗಳನ್ನೂ ದುಡ್ಡು ಕೊಟ್ಟು ಕೊಂಡು ಮುಗಿಸಿ, ಕೊನೆಗೆ ನಿಟ್ಟುಸಿರು ಬಿಟ್ಟು ‘ಇದೂ ಒಂದು ಆಟವೇ?’ ಎಂದವರು ರಸಿಕರು. ಹತ್ತು ಗಂಟೆ ಆಡಿ ‘ಚೆನ್ನಾಗಿದೆಯಲ್ಲ’ ಎಂದವರು ಪಾಮರರು. ನಾನು ಪಾಮರರ ಪೈಕಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಆಟ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಕಥೆ ನಡೆಯುವುದು ಕ್ರಿ.ಪೂ. 431ರ ಗ್ರೀಸ್‌ನಲ್ಲಿ, ಅಥೆನ್ಸ್ ಮತ್ತು ಸ್ಪಾರ್ಟಾ ಎಂಬ ನಗರರಾಜ್ಯಗಳು ಕಚ್ಚಾಡಲು ಶುರುಮಾಡಿದ ಹೊತ್ತಿನಲ್ಲಿ. ನಾಯಕ ಅಲೆಕ್ಸಿಯೋಸ್ ಆಗಬೇಕೋ ನಾಯಕಿ ಕಸಾಂಡ್ರಾ ಆಗಬೇಕೋ ಎಂಬುದು ಆಡುವವರ ಇಷ್ಟ. ಅಲ್ಲಿಂದಲೇ ರಗಳೆಯೂ ಶುರು.

ಮೊದಲು ತಕರಾರು ತೆಗೆದವರು ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಆಟಗಳ ಸರಣಿಯ ಪರಮಭಕ್ತರು. ‘ಹೆಸರಿನಲ್ಲಿ ಅಸ್ಯಾಸಿನ್, ಅಂದರೆ ಗುಪ್ತ ಹಂತಕ ಇದ್ದಾನೆ, ಆಟದಲ್ಲಿ ಅಸ್ಯಾಸಿನ್‌ಗಳ ಸಂಘವೇ ಇಲ್ಲ. ತಲೆಗೆ ಹೊದೆಯುವ ಆ ಮುಸುಕು ಎಲ್ಲಿ? ಮುಂಗೈಯಲ್ಲಿ ಅಡಗಿಸುವ ಅಲಗು ಎಲ್ಲಿ?’ ಎಂದು ಅವರು ಗುಡುಗಿದರು. 2017ರಲ್ಲಿ ಬಂದ ಇದೇ ಸರಣಿಯ ಹಿಂದಿನ ಆಟದಲ್ಲಿ, ಕ್ಲಿಯೋಪಾತ್ರಳ ಕಾಲದ ಈಜಿಪ್ಟ್‌ನಲ್ಲಿ ಆ ಸಂಘ ಹುಟ್ಟಿದ್ದನ್ನು ಅವರೇ ಕಣ್ಣಾರೆ ಕಂಡಿದ್ದರು. ಅದಕ್ಕೂ ಹೆಚ್ಚುಕಡಿಮೆ ನಾಲ್ಕು ಶತಮಾನ ಹಿಂದಿನ ಕಥೆಯಲ್ಲಿ ಸಂಘ ಇಲ್ಲ ಎಂಬುದು ಈಗಿನ ದೂರು. ಕೂಸು ಹುಟ್ಟುವ ಮುನ್ನವೇ ಕುಲಾವಿ ಬೇಕು ಎಂದು ಇಷ್ಟು ಗಟ್ಟಿಯಾಗಿ ಹಟ ಹಿಡಿದವರನ್ನು ಗಾದೆ ಕಟ್ಟಿದವನೂ ಕಂಡಿರಲಾರ.

ಅವರ ಹಿಂದೆಯೇ ಬಂದರು ಚರಿತ್ರೆಯ ಕಾವಲುಗಾರರು. ಇವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳದಿದ್ದರೆ ಅನ್ಯಾಯವಾದೀತು. ಕಸಾಂಡ್ರಾ ಕತ್ತಿ ಹಿಡಿದು ಹಡಗಿನ ಮೇಲೆ ನಿಂತದ್ದನ್ನು ಕಂಡದ್ದೇ ತಡ, ಇವರಿಗೆ ಪುರಾತನ ಗ್ರೀಸ್‌ನ ಮಾನ ಕಾಪಾಡುವ ಹೊಣೆ ನೆನಪಾಯಿತು. ‘ಆ ಕಾಲದಲ್ಲಿ ಹೆಣ್ಣು ಹಡಗಿಗೆ ಅಪ್ಪಣೆ ಕೊಡುವುದುಂಟೇ? ದಾಖಲೆ ತೋರಿಸಿ’ ಎಂದರು. ಇದನ್ನು ಕೇಳಿದ ಮಹನೀಯರು ಕ್ರೀಟ್‌ನ ನೆಲದಡಿಯ ಚಕ್ರವ್ಯೂಹದಲ್ಲಿ ಗೂಳಿತಲೆಯ ಮಿನೊಟಾರ್‌ನನ್ನು ಕೊಂದವರು. ಲೆಸ್ಬೋಸ್ ದ್ವೀಪದಲ್ಲಿ ಹಾವುಗೂದಲಿನ ಮೆಡೂಸಾಳೊಡನೆ ಹೋರಾಡಿದವರು. ಬಿಯೋಷಿಯಾದಲ್ಲಿ ಸಿಂಹದ ಮೈಯ ಸ್ಫಿಂಕ್ಸ್ ಕೇಳಿದ ಒಗಟುಗಳಿಗೆ ಅತ್ಯಂತ ವಿನಯದಿಂದ ಉತ್ತರ ಕೊಟ್ಟವರು. ಆಗೆಲ್ಲ ಯಾರೂ ದಾಖಲೆ ಕೇಳಲಿಲ್ಲ. ಆಟದಲ್ಲಿ ಒಂದು ಹಂತ ದಾಟಿದ ಮೇಲೆ ಬೆಟ್ಟದ ತುದಿಯಿಂದ ಧುಮುಕಿದರೂ ಜೀವ ಹೋಗುವುದಿಲ್ಲ. ಗುರುತ್ವಾಕರ್ಷಣೆಗೆ ಆದ ಈ ಅವಮಾನವನ್ನೂ ಇವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಾರೆ.

ತಮಾಷೆಯೆಂದರೆ, ದಾಖಲೆ ಕೊಡಬಲ್ಲ ಮನುಷ್ಯ ಆ ಹಡಗಿನಲ್ಲೇ ಇದ್ದಾನೆ. ಚರಿತ್ರೆಯ ಪಿತಾಮಹ ಎನಿಸಿಕೊಂಡ ಹೆರೊಡೋಟಸ್ ಈ ಆಟದಲ್ಲಿ ನಮ್ಮ ಸಹಪ್ರಯಾಣಿಕ. ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸೀಸನ ಪರವಾಗಿ ಐದು ಹಡಗು ತಂದು ಕಾದಿದ ರಾಣಿ ಆರ್ಟಿಮಿಸಿಯಾಳ ಸಾಹಸವನ್ನು ಬರೆದಿಟ್ಟವನು ಅವನೇ. ಆಕೆ ಆಳಿದ ಹ್ಯಾಲಿಕಾರ್ನಾಸಸ್ ಅವನ ಹುಟ್ಟೂರು. ಹಾಗಂತ ಅವನನ್ನೂ ತೀರಾ ನಂಬಿ ಕೂರಬೇಡಿ. ಭಾರತದಲ್ಲಿ ನರಿಗಿಂತ ದೊಡ್ಡದಾದ, ನಾಯಿಗಿಂತ ಚಿಕ್ಕದಾದ ಇರುವೆಗಳು ಚಿನ್ನದ ಮರಳನ್ನು ಅಗೆದು ಹಾಕುತ್ತವೆ ಎಂದು ಬರೆದವನೂ ಇವನೇ. ಚರಿತ್ರೆಯ ಪಿತಾಮಹನಿಗೇ ಇಷ್ಟು ರಿಯಾಯಿತಿ ಇರುವಾಗ ಪಾಪ, ಒಂದು ಆಟದ ಕಂಪನಿಯಿಂದ ಶಿಲಾಶಾಸನ ಬೇಡುವುದು ಯಾವ ನ್ಯಾಯ?

ನಿಜವಾಗಿ ಬೈಯಬೇಕಾದ ಸಂಗತಿಗಳೂ ಇದ್ದವು, ಅವನ್ನು ಮುಚ್ಚಿಡುವುದಿಲ್ಲ. ಹಂತ ಏರದೆ ಕಥೆ ಮುಂದಕ್ಕೆ ಸಾಗದಂತೆ ದಾರಿಯುದ್ದಕ್ಕೂ ಗೋಡೆ ಕಟ್ಟಿ, ಗೋಡೆಯ ಪಕ್ಕದಲ್ಲೇ ಅಂಗಡಿ ಇಟ್ಟು, ಹಂತ ಏರಲು ಬೇಕಾದ ಅನುಭವದ ಅಂಕಗಳು ಶೇ 50ರಷ್ಟು ಹೆಚ್ಚು ಸಿಗುವ ಸೌಲಭ್ಯವನ್ನು ಸುಮಾರು 10 ಡಾಲರ್‌ಗೆ ಮಾರಿದರು. ಆಟ ಆಡಲು ಒಮ್ಮೆ ದುಡ್ಡು, ಅದೇ ಆಟವನ್ನು ಬೇಗ ಮುಗಿಸಿ ಪಾರಾಗಲು ಮತ್ತೊಮ್ಮೆ ದುಡ್ಡು! ಆಮೇಲೆ 2019ರ ಜನವರಿಯ ಕಂತು. ಪ್ರೇಮ ಪ್ರಣಯಗಳೆಲ್ಲ ನಿಮ್ಮ ಆಯ್ಕೆ ಎಂದು ಅಲ್ಲಿಯವರೆಗೆ ಹೇಳಿಕೊಂಡು ಬಂದ ಆಟ, ಯಾರ ಮಾತನ್ನೂ ಕೇಳದೆ ನಾಯಕನನ್ನು ಸಂಸಾರಕ್ಕೆ ಹಚ್ಚಿ ಕೈಗೊಂದು ಮಗು ಕೊಟ್ಟಿತು. ಕಂಪನಿ ಕ್ಷಮೆ ಕೇಳಬೇಕಾಯಿತು. ಇವೆರಡಕ್ಕೂ ಬೈಗುಳ ಸಲ್ಲಬೇಕಾದದ್ದೇ.

ಆದರೂ ಆಟದಲ್ಲಿ ಅಥೆನ್ಸ್‌ನ ಆಕ್ರೊಪೊಲಿಸ್ ಬೆಟ್ಟದ ಮೇಲೆ ನಿಂತಿರುವ ಅಥೇನಾ ದೇವತೆಯ ಕಂಚಿನ ಪ್ರತಿಮೆಯನ್ನು ಹತ್ತಿ, ಅವಳ ಭುಜದ ಪಕ್ಕದಿಂದ ಕೆಳಗೆ ನೋಡಿ. ಅವಳ ದೇಗುಲ ಪಾರ್ಥೆನಾನ್ ಇಲ್ಲಿ ಬೋಳು ಬಿಳಿ ಅಮೃತಶಿಲೆಯ ಅವಶೇಷವಲ್ಲ. ಅದಕ್ಕೆ ಮೇಲೆ ಸೂರಿದೆ, ಕೆತ್ತನೆಗೆ ಕೆಂಪು ನೀಲಿ ಬಣ್ಣವಿದೆ. ನಗರದಿಂದ ಪಿರೇಯಸ್ ಬಂದರಿನವರೆಗೆ ಉದ್ದನೆಯ ಗೋಡೆಗಳು ಚಾಚಿಕೊಂಡಿವೆ. ಕಥೆ ಮುಂದುವರಿದಂತೆ ಇದೇ ಬೀದಿಗಳಿಗೆ ಮಹಾಮಾರಿ ನುಗ್ಗುತ್ತದೆ, ಹೆಣಗಳ ರಾಶಿ ಬೀಳುತ್ತದೆ. ಇಷ್ಟನ್ನು ನೋಡಿ ಇಳಿದು ಬಂದರೆ ಬೀದಿಯಲ್ಲಿ ಸಾಕ್ರೆಟಿಸ್ ಸಿಕ್ಕಿ, ನೀವು ಈಗಷ್ಟೇ ಮಾಡಿದ ಕೆಲಸ ಧರ್ಮವೋ ಅಧರ್ಮವೋ ಎಂದು ತಲೆ ತಿನ್ನುತ್ತಾನೆ. ಬಾಡಿಗೆ ಸೈನಿಕನಾಗಿ ಬೆಳಿಗ್ಗೆ ಅಥೆನ್ಸ್ ಪರ, ಸಂಜೆ ಸ್ಪಾರ್ಟಾ ಪರ ಕಾದಾಡಿ, ತಲೆಯ ಮೇಲಿನ ಬಹುಮಾನವನ್ನು ನಕ್ಷೆ ತೆರೆದು ಒಂದು ಗುಂಡಿ ಒತ್ತಿ ದ್ರಾಕ್ಮಾ ನಾಣ್ಯ ಚೆಲ್ಲಿ ತೀರಿಸಿಕೊಂಡವರ ಬಳಿ ಅವನಿಗೆ ಕೊಡಲು ಉತ್ತರ ಎಲ್ಲಿಂದ ಬರಬೇಕು?

ಎಲ್ಲ ದೂರುಗಳೂ ಬಂದು ಸೇರುವ ಮಹಾದೂರು ಒಂದಿದೆ: ಆಟ ತೀರಾ ಉದ್ದ. ಇಡೀ ಗ್ರೀಸನ್ನೇ ಹಾಸಿಟ್ಟರೆ ಯಾರಿಗೆ ಪುರುಸೊತ್ತು? ಇದನ್ನು ಹೇಳುವವರು ದ್ವೀಪ ದ್ವೀಪಗಳನ್ನೂ ಬಿಡದೆ ಸುತ್ತಿ ಮುಗಿಸಿದವರು ಎಂಬುದು ಬೇರೆ ಮಾತು. ಕಂಪನಿ ಈ ಗೋಳನ್ನು ಕಿವಿಗೆ ಹಾಕಿಕೊಂಡಿತು. 2023ರಲ್ಲಿ ಒಂಬತ್ತನೇ ಶತಮಾನದ ಬಾಗ್ದಾದ್‌ನಲ್ಲಿ ನಡೆಯುವ ಅಡಕವಾದ ಆಟವೊಂದನ್ನು ತಂದಿತು. ಅದರಲ್ಲಿ ಸಂಘವೂ ಇತ್ತು, ಮುಸುಕೂ ಇತ್ತು, ಮುಂಗೈಯ ಅಲಗೂ ಇತ್ತು.

ತೀರಾ ಚಿಕ್ಕದಾಯಿತು ಎಂದು ದೂರು ಬಂತು.