ಹಸಿವು ಕೇಳುವುದೇ ಬೇರೆ, ಆಸೆ ಕೇಳುವುದೇ ಬೇರೆ

ಹಸಿದವರು ಅಡುಗೆಮನೆಗೆ ಬಂದು "ತಿನ್ನೋಕೆ ಏನಿದೆ?" ಅನ್ನುತ್ತಾರೆ. ಆಸೆ ಹತ್ತಿದವರು "ನಿನ್ನೆ ಒಬ್ಬಟ್ಟು ಉಳಿದಿತ್ತಲ್ಲ, ಇದೆಯಾ?" ಅನ್ನುತ್ತಾರೆ. ಹಸಿವಿಗೆ ಅನ್ನವಾದರೂ ಸರಿ, ತಣ್ಣಗಾದ ಅಕ್ಕಿರೊಟ್ಟಿಯಾದರೂ ಸರಿ. ಆಸೆ ಮಾತ್ರ ಹೆಸರು ಹಿಡಿದೇ ಕೂಗುತ್ತದೆ. ನಮ್ಮ ಸಕಲೇಶಪುರದ ಕಡೆ ಮಳೆ ಹಿಡಿದರೆ ಎರಡೂ ಒಟ್ಟಿಗೇ ಬರುತ್ತವೆ. ಹೊರಗೆ ಕಾಲಿಡುವಂತಿಲ್ಲ, ಕರೆಂಟ್ ಇರುವುದಿಲ್ಲ. ಒಲೆ ಮುಂದೆ ಕೂತು ಕಳಲೆ ಪಲ್ಯ, ಏಡಿ ಸಾರು, ಬಿಸಿ ಕಡುಬು ಅಂತ ಮಾತಾಡುವುದು ಬಿಟ್ಟರೆ ಬೇರೇನು ಕೆಲಸ?

ಇಂಗ್ಲಿಷಿನವರು ಹಸಿವಿನ ಮಾತು ಬಂದರೆ ಪ್ರಾಣಿಗಳನ್ನು ಕರೆತರುತ್ತಾರೆ. ಜೋರು ಹಸಿವಾದರೆ ಒಂದು ಕುದುರೆಯನ್ನೇ ತಿಂದುಬಿಡುತ್ತೇನೆ ಅನ್ನುತ್ತಾರೆ. ಅವರಲ್ಲಿ ಕುದುರೆ ಮಾಂಸಕ್ಕೆ ಮೂಗು ಮುರಿಯುವವರೇ ಜಾಸ್ತಿ, ಅದಕ್ಕೇ ಆ ಮಾತಿಗೆ ತೂಕ. ಹೇಗೋ ದುಡಿದು ಹೊಟ್ಟೆ ಹೊರೆದರೆ, ತೋಳ ಬಾಗಿಲಿಗೆ ಬಾರದಂತೆ ತಡೆದೆವು ಅನ್ನುತ್ತಾರೆ. ಇಂಗ್ಲೆಂಡಿನ ಕಾಡಿನಲ್ಲಿ ತೋಳ ಅಳಿದುಹೋಗಿ ನೂರಾರು ವರ್ಷವಾಯಿತು. ಮಾತಿನಲ್ಲಿ ಅದಿನ್ನೂ ಬಾಗಿಲು ಕಾಯುತ್ತಿದೆ.

ನಮ್ಮ ಬಾಗಿಲಿಗೆ ಬರುವುದು ತೋಳ ಅಲ್ಲ, ಆನೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಬರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಆನೆ ಹಿಂಡು ತಿರುಗುವುದು ಈಗ ಸುದ್ದಿಯೇ ಅಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅದು ಹಸಿವು, ಒಪ್ಪೋಣ. ಆದರೆ ಹಲಸು ಹಣ್ಣಾಗುವ ಕಾಲದಲ್ಲಿ ಸುತ್ತ ಅಷ್ಟೊಂದು ಸೊಪ್ಪು, ಬಿದಿರು ಬಿಟ್ಟು, ವಾಸನೆ ಹಿಡಿದು ನೇರ ಹಲಸಿನ ಮರದ ಬುಡಕ್ಕೇ ಬರುತ್ತದಲ್ಲ, ಅದನ್ನು ಆಸೆ ಅನ್ನದೆ ಏನನ್ನಬೇಕು? "ಹಸಿದು ಹಲಸು, ಉಂಡು ಮಾವು" ಅಂತ ನಮ್ಮ ಹಿರಿಯರು ಕಟ್ಟಿದ ಗಾದೆ ಆನೆಗೆ ಅನ್ವಯಿಸುವುದಿಲ್ಲ. ಅದು ಉಂಡೂ ಹಲಸು ತಿನ್ನುತ್ತದೆ. ಅದಕ್ಕೇ ಎಷ್ಟೋ ತೋಟದವರು ಹಲಸನ್ನು ಕಾಯಿರುವಾಗಲೇ ಕಡಿದು ಹಾಕುತ್ತಾರೆ. ಹೊಟ್ಟೆ ಉರಿಯುತ್ತದೆ, ಆದರೆ ತಪ್ಪು ಅನ್ನುವ ಧೈರ್ಯ ನನಗಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಟವರು ಆನೆ ಎದುರಾಗಿ ಜೀವ ಕಳೆದುಕೊಂಡಿದ್ದಾರೆ.

ಹಸಿವಿನಷ್ಟು ಒಳ್ಳೆಯ ಒಗ್ಗರಣೆ ಇಲ್ಲ ಅನ್ನುವ ಅರ್ಥದ ಮಾತೂ ಇಂಗ್ಲಿಷಿನಲ್ಲಿದೆ. ಅದು ಅವರ ಸ್ವಂತದ್ದಲ್ಲ. ಸಾಕ್ರಟೀಸ್ ಹೀಗನ್ನುತ್ತಿದ್ದ ಅಂತ ರೋಮ್‌ನ ಸಿಸೆರೊ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟ. ನಮ್ಮವರು "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಅಂದರು. ನನಗೆ ನಮ್ಮವರದ್ದೇ ಹೆಚ್ಚು ಸರಿ ಅನ್ನಿಸುತ್ತದೆ. ನಿಜವಾಗಿ ಹಸಿದವನು ರುಚಿ ನೋಡುವಷ್ಟು ಹೊತ್ತು ಬಾಯಲ್ಲಿ ತುತ್ತು ಇಟ್ಟುಕೊಳ್ಳುವುದೇ ಇಲ್ಲ. ಸಾಕ್ರಟೀಸ್ ಹೇಳಿದ್ದು ಊಟ ಸ್ವಲ್ಪ ತಡವಾದವರ ಹಸಿವು ಇರಬೇಕು.

ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರುಗುಟ್ಟುವುದಕ್ಕೂ ಕಾರಣ ಇದೆ. ಹೊಟ್ಟೆಯಿಂದ ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ನಾವು ದಿನಾ ಉಣ್ಣುವ ಹೊತ್ತು ಹತ್ತಿರ ಬಂದ ಹಾಗೆ ಅದು ಏರುತ್ತದೆ. ಒಂದು ಗಂಟೆಗೆ ಊಟ ಮಾಡಿ ಅಭ್ಯಾಸವಾದವರಿಗೆ ಒಂದು ಗಂಟೆಗೇ ಹಸಿವು.

ಆದರೆ ಬೀಗರ ಊಟದಲ್ಲಿ ಗಂಟಲವರೆಗೆ ಉಂಡು, ಎಲೆ ಮುಂದಿಂದ ಏಳಲಾರದೆ ಎದ್ದವರು ಐಸ್‌ಕ್ರೀಮ್ ಕೊಡುವ ಕಡೆ ಅಷ್ಟು ಚುರುಕಾಗಿ ನಡೆಯುತ್ತಾರಲ್ಲ, ಅದು ಯಾವ ಲೆಕ್ಕ? ಹಾಸನದ ಕಲ್ಯಾಣಮಂಟಪಗಳಲ್ಲಿ ಈ ನಡಿಗೆ ನೋಡುವುದೇ ಒಂದು ಖುಷಿ. ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತು ಜೊತೆಯವರು 1980ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದೇ ರುಚಿ ತಿನ್ನುತ್ತಾ ಹೋದರೆ ಆ ರುಚಿ ಸಾಕಾಗುತ್ತದೆ, ಬೇರೆ ರುಚಿ ಕಂಡರೆ ಮತ್ತೆ ಬೇಕು ಅನ್ನಿಸುತ್ತದೆ. ನಮ್ಮತ್ತೆ ಯಾವ ಪರೀಕ್ಷೆಯೂ ಇಲ್ಲದೆ "ಸಿಹಿಗೆ ಬೇರೆ ಹೊಟ್ಟೆ ಇರುತ್ತೆ ಕಣೋ, ತಗೋ" ಅಂತ ಬಡಿಸುತ್ತಾರೆ.

ಈ ಸೀಮೆಗೆ ಅನ್ನ ಕೊಟ್ಟಿದ್ದು ಕೂಡ ಒಂದು ಆಸೆಯೇ. ಬಾಬಾ ಬುಡನ್ ಯೆಮನ್ ಕಡೆಯಿಂದ ಕದ್ದುಮುಚ್ಚಿ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನುವ ಕತೆ ಎಲ್ಲರಿಗೂ ಗೊತ್ತು. ಹಸಿವಿಗಾಗಿ ಯಾರೂ ಕಾಫಿ ಬೀಜ ತರುವುದಿಲ್ಲ. ರಾಗಿ ತರುತ್ತಾರೆ. ಕಾಫಿ ಹೊಟ್ಟೆ ತುಂಬಿಸುವುದಿಲ್ಲ, ಹಸಿವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸುತ್ತದೆ ಅಷ್ಟೆ. ಆದರೂ ಈಗ ಇಲ್ಲಿ ಎಷ್ಟೋ ಮನೆಗಳ ಅನ್ನ ಆ ಬೀಜದ ಬೆಲೆ ಮೇಲೆ ನಿಂತಿದೆ. ಬೆಲೆ ಬಿದ್ದ ವರ್ಷ ಅಂಗಡಿಯಲ್ಲಿ ಸಾಲ, ಏರಿದ ವರ್ಷ ಮನೆ ಮುಂದೆ ಜೀಪು.

ಮೊನ್ನೆ ಜೀಪು ಕೊಂಡ ನಮ್ಮ ಚಿಕ್ಕಪ್ಪನನ್ನು "ಇದು ಹಸಿವಾ, ಆಸೆಯಾ?" ಅಂತ ಸುಮ್ನೆ ಕೆಣಕಿದೆ. "ಜುಲೈನಲ್ಲಿ ನಮ್ಮ ರೋಡಿಗೆ ನಿನ್ನ ಕಾರು ತಗೊಂಡು ಬಾ, ಆಮೇಲೆ ಮಾತಾಡೋಣ" ಅಂದರು.