ಲೆನ್ಸ್ ಅಲ್ಲಾಡುತ್ತೆ, ಯಾರೂ ನೋಡಲ್ಲ

ಚಿತ್ರದುರ್ಗದ ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ಹತ್ರ ಕ್ಯಾಮೆರಾ ಎತ್ತಿ ಝೂಮ್ ತಿರುಗಿಸಿದರೆ ಸಾಕು, ಟಕ್ ಅಂತ ಸಣ್ಣ ಅಲುಗಾಟ. ಕೂದಲೆಳೆಯಷ್ಟೇ. ಆದರೆ ಅದು ಕೈಗೆ ತಾಗಿದ ಮೇಲೆ ಚಿತ್ರದ ಕಡೆ ಮನಸ್ಸೇ ಹೋಗಲ್ಲ.

ರಿಪೇರಿಯವರಿಗೆ ತೋರಿಸಿದರೆ, "ಎಲ್ಲಾ ಹಂಗೇ ಇರ್ತಾವ್ ಸಾರ್, ಬಿಡ್ರಿ." ಅರ್ಧ ನಿಜ. ಕ್ಯಾಮೆರಾಕ್ಕೆ ಸಿಕ್ಕಿಸಿದ ಲೆನ್ಸ್ ತಿರುಗಿ ಕಳಚದಂತೆ ತಡೆಯುವ ಲಾಕ್ ಪಿನ್ ಕೂರುವ ಗುಳಿ ಪಿನ್ನಿಗಿಂತ ತುಸು ದೊಡ್ಡದಿರುತ್ತೆ, ಹಾಗಾಗಿ ತಿರುಗುವ ದಿಕ್ಕಿನಲ್ಲಿ ಚೂರು ಸಡಿಲ ಸಹಜ. ಫೋಕಸ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ನನ್ನದು ಮೇಲೆ-ಕೆಳಗೂ ಆಡುತ್ತೆ! ಮೌಂಟಿನಿಂದ, ಅಂದ್ರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಯಿಂದ, ಚಿತ್ರ ಹಿಡಿಯುವ ಸೆನ್ಸರ್‌ವರೆಗಿನ ಅಂತರವನ್ನು ನಿಕಾನ್‌ನ ಎಫ್ ಮೌಂಟಿನಲ್ಲಿ 46.5 ಮಿ.ಮೀ., ಕ್ಯಾನನ್‌ನ ಇಎಫ್ ಮೌಂಟಿನಲ್ಲಿ 44 ಮಿ.ಮೀ. ಅಂತ ಕರಾರುವಾಕ್ಕಾಗಿ ಇಟ್ಟಿರೋದು ಸುಮ್ಮನೆ ಅಲ್ಲ. ಲೆನ್ಸ್ ವಾಲಿದರೆ ಬಂಡೆಯ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಲೆನ್ಸನ್ನು ಒಳಗಿಂದ ಬಿಗಿಹಿಡಿಯುವ ಸ್ಪ್ರಿಂಗ್ ಪಟ್ಟಿ ಸೋತಿರಬೇಕು, ಇಲ್ಲಾ ಮೌಂಟಿನ ಸ್ಕ್ರೂ ಸಡಿಲ ಆಗಿರಬೇಕು. ಇಷ್ಟೂ ವಿವರಿಸಿ ಹೇಳಿದೆ. ಬಿಚ್ಚಿಯೂ ನೋಡದೆ ವಾಪಸ್ ಕೊಟ್ಟರು. ಮೂರು ಸಲ!

ಮುಂದಿನ ವಾರ ದಾವಣಗೆರೆಯಲ್ಲಿ ಅಕ್ಕನ ಮಗಳ ಮದುವೆ. ಧಾರೆಯ ಫೋಟೋ ನಾನೇ ತೆಗೀಬೇಕು. ಆ ನಾಲ್ಕು ಸ್ಕ್ರೂ ಒಂದ್ಸಲ ಮುಟ್ಟಿ ನೋಡೋಕೆ ಇಷ್ಟು ಬೇಜಾರೇನ್ರಪ್ಪಾ?