ದೀಪ ಆರಿದಾಗ ನಾನು 'ಛೇ' ಅಂದಿದ್ದು

ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಗೆಳೆಯನ ಮೆಸೇಜು. "ಭಾನುವಾರ ಏನೂ ಕೆಲಸ ಇಟ್ಕೋಬೇಡ. ಬೇಲಾ ತಾರ್ ನೋಡೋಣ. ಏಳು ಗಂಟೆ ಸಿನಿಮಾ." ನಿದ್ದೆಗಣ್ಣಲ್ಲಿ, ಸಂಜೆ ಏಳಕ್ಕೆ ತಾನೇ, ಹೋಗಿ ಬಂದರಾಯಿತು ಅಂತ ಹೆಬ್ಬೆರಳಿನ ಚಿತ್ರ ಕಳಿಸಿಬಿಟ್ಟೆ. ಆಮೇಲೆ ಹುಡುಕಿ ನೋಡಿದಾಗ ಗೊತ್ತಾಯಿತು. ಅದು ಏಳು ಗಂಟೆಗೆ ಶುರುವಾಗುವ ಸಿನಿಮಾ ಅಲ್ಲ. ಏಳು ಗಂಟೆಗೂ ಜಾಸ್ತಿ ಹೊತ್ತು ನಡೆಯುವ ಸಿನಿಮಾ. ಬೇಲಾ ತಾರ್ ಅನ್ನುವ ಹಂಗೇರಿಯ ನಿರ್ದೇಶಕನದು, 1994ರದ್ದು, ಹೆಸರು 'ಸಾತಾನ್‌ಟ್ಯಾಂಗೊ'. ಮೊದಲನೇ ಶಾಟ್‌ನಲ್ಲಿ ದನಗಳು ಕೊಟ್ಟಿಗೆಯಿಂದ ಹೊರಗೆ ಬಂದು ಕೆಸರಲ್ಲಿ ಓಡಾಡುತ್ತವೆ, ಕ್ಯಾಮೆರಾ ಅವುಗಳ ಜೊತೆಗೇ ಏಳೆಂಟು ನಿಮಿಷ ಸಾಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಹೋದ ಶನಿವಾರ ರಾತ್ರಿ ನನ್ನ ಬಾಯಿಂದ ಬಿದ್ದ ಒಂದು 'ಛೇ'. ಅದರ ಕಥೆಗೆ ಬರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರಯತ್ನ ಪಡದೆ ಸೋತವನಲ್ಲ. ದೊಡ್ಡ ನಿರ್ದೇಶಕರು ಅಂತ ಯಾರು ಯಾರ ಹೆಸರು ಹೇಳಿದರೋ ಅವರನ್ನೆಲ್ಲ ಒಂದು ಕೈ ನೋಡಿದ್ದೇನೆ. ಆಂತೋನಿಯೋನಿ ನೋಡಿದೆ. ಅವನ 'ಲಾವೆಂತುರಾ'ದಲ್ಲಿ ಒಬ್ಬಳು ದ್ವೀಪದಲ್ಲಿ ಕಾಣೆಯಾಗುತ್ತಾಳೆ. ಎಲ್ಲರೂ ಹುಡುಕುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹುಡುಕುವುದು ಬಿಟ್ಟು ಬೇರೇನೋ ಮಾಡಲು ಶುರು ಮಾಡುತ್ತಾರೆ. ಅವಳ ಪ್ರಿಯಕರನೇ ಅವಳನ್ನು ಮರೆತ, ಗೆಳತಿ ಮರೆತಳು, ನಿರ್ದೇಶಕನೂ ಮರೆತ. ನಾನೊಬ್ಬ ಮಾತ್ರ ಕಡೇವರೆಗೂ ಆ ಹುಡುಗಿ ಈಗ ಬರುತ್ತಾಳೆ, ಇನ್ನೇನು ಬರುತ್ತಾಳೆ ಅಂತ ಕಾಯುತ್ತಾ ಕೂತಿದ್ದೆ. ಬರಲೇ ಇಲ್ಲ. 1960ರಲ್ಲಿ ಕ್ಯಾನ್ ಚಿತ್ರೋತ್ಸವದಲ್ಲಿ ಅದನ್ನು ಮೊದಲ ಸಲ ತೋರಿಸಿದಾಗ ಜನ ಕೂಗಾಡಿದರಂತೆ. ಓದಿ ಎಷ್ಟು ಸಮಾಧಾನ ಆಯಿತು ಅಂತೀರಿ! ಮುಂದಿನ ಸಾಲಿನಲ್ಲೇ ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿಯೂ ಬಂತು ಅಂತ ಇತ್ತು. ಆ ಸಾಲು ಓದಬಾರದಿತ್ತು.

ಗೋದಾರ್‌ನ 'ಬ್ರೆತ್‌ಲೆಸ್' ನೋಡುವಾಗ ಸಿ.ಡಿ. ಗೀಚಿದೆ ಅಂದುಕೊಂಡು ತೆಗೆದು ಬನಿಯನ್ನಿಗೆ ಒರೆಸಿ ಮತ್ತೆ ಹಾಕಿದೆ. ಒಂದೇ ದೃಶ್ಯದ ನಡುವೆ ತುಂಡು ಕತ್ತರಿಸಿ ಚಿತ್ರ ಹಾರುವಂತೆ ಮಾಡುವ ಅದನ್ನು ಜಂಪ್ ಕಟ್ ಅಂತಾರಂತೆ. ಷಾಂತಾಲ್ ಆಕೆರ್ಮನ್ ಅವರ 1975ರ 'ಜಾನ್ ದೀಲ್ಮನ್' ಹಾಕಿಕೊಂಡೆ. ಮೂರು ಗಂಟೆ ಇಪ್ಪತ್ತೊಂದು ನಿಮಿಷ, ಒಬ್ಬ ಗೃಹಿಣಿ ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 2022ರಲ್ಲಿ ವಿಮರ್ಶಕರ ಮತ ಕೇಳಿದಾಗ ಎಲ್ಲ ಕಾಲದ ಸಿನಿಮಾಗಳಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಏನೂ ಅರ್ಥ ಆಗ್ತಾ ಇಲ್ಲವಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹತ್ತು ನಿಮಿಷ ನೋಡಿದಳು. "ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ? ಅಡುಗೆಮನೆಗೆ ಬನ್ನಿ, ದಿನಾ ತೋರಿಸ್ತೀನಿ" ಅಂದು ಹೋದಳು. ನಮ್ಮ ಮನೆಯಲ್ಲಿ ಆಕೆರ್ಮನ್ ಬಗ್ಗೆ ಬಂದ ವಿಮರ್ಶೆ ಇದೊಂದೇ. ಇದಕ್ಕಿಂತ ಒಳ್ಳೆಯದನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಸಿನಿಮಾ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ನನ್ನ ನಿಜವಾದ ತೊಂದರೆ ಈ ಗೆಳೆಯ. ಇವನು ಸಿನಿಮಾ ತೋರಿಸುವಾಗ ಟಿವಿ ಕಡೆ ನೋಡುವುದೇ ಇಲ್ಲ. ಅವನು ಅದನ್ನೆಲ್ಲ ಆರಾರು ಸಲ ನೋಡಿ ಮುಗಿಸಿದ್ದಾನೆ. ಅವನು ನೋಡುವುದು ನನ್ನ ಮುಖವನ್ನು. ಸೋಫಾದಲ್ಲಿ ನನ್ನ ಕಡೆ ತಿರುಗಿ, ಒಂದು ಕಾಲು ಮಡಚಿಕೊಂಡು, ರಿಮೋಟನ್ನು ಎದೆಗೆ ಒತ್ತಿ ಹಿಡಿದು ಕೂರುತ್ತಾನೆ. "ಈಗ ನೋಡು, ಈಗ" ಅಂತ ಪಿಸುಗುಡುತ್ತಾನೆ. ನಾನು ನೋಡುತ್ತೇನೆ. ಗಾಳಿ ಬೀಸುತ್ತದೆ. "ನೋಡಿದ್ಯಾ?" ಅಂತಾನೆ. ಅದನ್ನೇ ಹೇಳಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?

ಮೂಗು ತುರಿಸಿಕೊಂಡರೆ ಸಾಕು, ಸಿನಿಮಾ ನಿಲ್ಲಿಸಿ "ಏನನ್ನಿಸ್ತು ಹೇಳು" ಅಂತಾನೆ. ಅದಕ್ಕೇ ನಾನು ಮೂಗು ತುರಿಸಿಕೊಳ್ಳುವುದನ್ನು ಬಿಟ್ಟಿದ್ದೇನೆ. ಹುಬ್ಬನ್ನು ಸ್ವಲ್ಪ ಗಂಟು ಹಾಕಿ, ಐದು ನಿಮಿಷಕ್ಕೊಮ್ಮೆ ಮೂಗಿನಿಂದಲೇ "ಹೂಂ" ಅನ್ನುವ ಒಂದು ಮುಖ ಅಭ್ಯಾಸ ಮಾಡಿಕೊಂಡಿದ್ದೇನೆ. ಆಕಳಿಕೆ ಬಂದರೆ ಬಾಯಿ ತೆರೆಯದೆ ಒಳಗೇ ನುಂಗುತ್ತೇನೆ. ಹಾಗೆ ನುಂಗಿದರೆ ಕಣ್ಣಲ್ಲಿ ನೀರು ಬರುತ್ತದೆ, ಗೊತ್ತಲ್ಲ? ತಾರ್ಕೋವ್‌ಸ್ಕಿಯ 'ಮಿರರ್' ನೋಡುವಾಗ ನಾನು ಹೀಗೆ ನಾಲ್ಕೈದು ಆಕಳಿಕೆ ನುಂಗಿದ್ದೆ. ಅವನು ಏನೂ ಮಾತಾಡಲಿಲ್ಲ. ಸುಮ್ನೆ ನನ್ನ ಭುಜದ ಮೇಲೆ ಕೈ ಇಟ್ಟ. ಅವನ ಕಣ್ಣೂ ಒದ್ದೆಯಾಗಿತ್ತು. ಅಂಥ ಹೊತ್ತಲ್ಲಿ ನಿಜ ಹೇಳೋಕಾಗುತ್ತಾ?

ಹೋದ ಶನಿವಾರ 'ನೊಸ್ಟಾಲ್ಗಿಯಾ'. ಅದೂ ತಾರ್ಕೋವ್‌ಸ್ಕಿಯದೇ, 1983ರದ್ದು, ಇಟಲಿಯಲ್ಲಿ ತೆಗೆದದ್ದು. ಕೊನೆಯ ಹತ್ತಿರ ನಾಯಕ ಒಂದು ಮೋಂಬತ್ತಿ ಹಚ್ಚಿಕೊಂಡು ನೀರು ಖಾಲಿ ಮಾಡಿದ ಕೊಳವನ್ನು ಈ ಕಡೆಯಿಂದ ಆ ಕಡೆಗೆ ದಾಟಬೇಕು. ದೀಪ ಆರಬಾರದು. ಊರವರೆಲ್ಲ ಹುಚ್ಚ ಅನ್ನುವ ಒಬ್ಬ ಮನುಷ್ಯ ಇವನ ಕೈಲಿ ಹಾಗಂತ ಮಾತು ತೆಗೆದುಕೊಂಡಿರುತ್ತಾನೆ, ಲೋಕ ಉಳಿಯಬೇಕಾದರೆ ಇದಾಗಬೇಕು ಅಂತ. ಒಂದೇ ಶಾಟ್, ಸುಮಾರು ಒಂಬತ್ತು ನಿಮಿಷ. ಗೆಳೆಯ ನಮ್ಮ ಫ್ಯಾನ್ ಆಫ್ ಮಾಡಿದ. ದೀಪಕ್ಕೆ ಗಾಳಿ ತಾಗದಿರಲಿ ಅಂತಲೋ, ಸದ್ದು ಬೇಡ ಅಂತಲೋ, ಗೊತ್ತಿಲ್ಲ.

ನಾಯಕ ಅಂಗೈ ಅಡ್ಡ ಹಿಡಿದುಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ನಡೆದ. ಸುಮಾರು ದೂರ ಬಂದ. ಅಬ್ಬ, ಮುಗೀತು ಅಂತ ನಾನು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ. ದೀಪ ಆರಿತು. ಅವನು ತಿರುಗಿ ಶುರು ಮಾಡಿದ ಜಾಗಕ್ಕೇ ವಾಪಸ್ ಹೊರಟ. ಆಗ ನನ್ನ ಹೊಟ್ಟೆಯ ಆಳದಿಂದ ಬಂತು ನೋಡಿ, "ಛೇ!"

ಗೆಳೆಯನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಷ್ಟು ವರ್ಷದಿಂದ ಅವನು ಕಾಯುತ್ತಿದ್ದದ್ದು ಆ ಒಂದು ಶಬ್ದಕ್ಕಾಗಿ. ಮನುಷ್ಯನ ನಂಬಿಕೆಗಾಗಿ ನಾನು ಮರುಗಿದೆ ಅಂದುಕೊಂಡ. ನಾನು ಮರುಗಿದ್ದು ಗಡಿಯಾರ ನೋಡಿ. ಮತ್ತೆ ಮೊದಲಿಂದ ನಡೆಯುತ್ತಾನಲ್ಲಪ್ಪಾ ಇವನು!

ಅಷ್ಟರಲ್ಲಿ ಹೆಂಡತಿ ಒಣಗಿದ ಬಟ್ಟೆ ತೆಗೆದುಕೊಂಡು ಹೋಗುತ್ತಾ ಟಿವಿ ಕಡೆ ಒಂದು ಸಲ ನೋಡಿದಳು. ಬಟ್ಟೆ ಎಲ್ಲ ಮಡಚಿಟ್ಟು ವಾಪಸ್ ಬಂದಳು.

"ಇವರಿನ್ನೂ ದಾಟಿಲ್ವೇನ್ರೀ?"

"ದಾಟ್ತಾ ಇದ್ರು. ದೀಪ ಮತ್ತೆ ಆರಿಹೋಯ್ತು."

"ಲೈಟರ್ ಅವರ ಹತ್ರಾನೇ ಇದೆಯಲ್ಲ. ಆರಿದಲ್ಲೇ ಹಚ್ಚಿಕೊಂಡು ಮುಂದೆ ಹೋಗಬಾರದಾ?"

ಗೆಳೆಯ ಪಾಜ್ ಒತ್ತಿದ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಿವಿಯಲ್ಲಿ "ಪರವಾಗಿಲ್ಲ ಬಿಡು, ನಿನಗೆ ಅರ್ಥ ಆಯ್ತಲ್ಲ" ಅಂದ. ಮಾರನೇ ದಿನ ಅವನ ಸಿನಿಮಾ ಬಳಗಕ್ಕೆಲ್ಲ ಸುದ್ದಿ ಹೋಗಿತ್ತು. ಈಗ ದನಗಳು ಬಂದಿವೆ.

ತಮಾಷೆ ಸರಿ, ಆದರೆ ಒಂದು ವಿಷಯಕ್ಕೆ ನನಗೆ ಒಳಗೊಳಗೇ ಬೇಜಾರಿದೆ. ಇಂಥ ಸಿನಿಮಾ ಮುಗಿದು ಹಾಲ್‌ನಲ್ಲಿ ದೀಪ ಹತ್ತಿದಾಗ ಎಷ್ಟೋ ಜನ ಏಳುವುದೇ ಇಲ್ಲ. ಮುಂದಿನ ಸಾಲಿನಲ್ಲಿ ಯಾರೋ ಸದ್ದಿಲ್ಲದೆ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ. ಅಷ್ಟು ಹೊತ್ತಿಗೆ ನಾನು ಕಾಲಿನಿಂದ ತಡಕಾಡಿ ಒಂದು ಚಪ್ಪಲಿ ಹುಡುಕಿ ಆಗಿರುತ್ತದೆ. ಅವರು ನಾಟಕ ಮಾಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಹಾಗೆ ಅನ್ನಿಸಿದ್ದರೆ ಎಷ್ಟೋ ಸುಲಭ ಇತ್ತು. ಅದೇ ಪರದೆ, ಅದೇ ಕತ್ತಲೆ, ಅವರಿಗೆ ಏನೋ ಸಿಕ್ಕಿದೆ, ನನಗೆ ಚಪ್ಪಲಿ ಸಿಕ್ಕಿದೆ.

ಈ ಮಂದಿಯಲ್ಲಿ ನನ್ನ ಪರ ಮಾತಾಡಿದವರು ಇರಾನಿನ ನಿರ್ದೇಶಕ ಕಿಯಾರೊಸ್ತಮಿ ಒಬ್ಬರೇ. ನೋಡುವವರಿಗೆ ನಿದ್ದೆ ಬರಿಸುವ ಸಿನಿಮಾನೇ ತನಗೆ ಇಷ್ಟ ಅಂತ ಅವರು ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಇದನ್ನು ನಾನು ಗೆಳೆಯನಿಗೆ ಆಗಾಗ ಹೇಳುತ್ತಿರುತ್ತೇನೆ. ಆ ಮಾತು ಅಲ್ಲಿಗೇ ಮುಗಿಯುವುದಿಲ್ಲ ಕಣೋ ಅಂತಾನೆ ಅವನು. ಅಂಥ ಸಿನಿಮಾಗಳೇ ಆಮೇಲೆ ರಾತ್ರಿ ನಿದ್ದೆ ಕೆಡಿಸುತ್ತವೆ ಅಂತಲೂ ಹೇಳಿದ್ದಾರಂತೆ. ಹೇಳಿದ್ದಾರೆ, ನಿಜ. ನಾನು ಆ ಅರ್ಧವನ್ನು ಬಿಟ್ಟು ಹೇಳುತ್ತೇನೆ.

ನಿನ್ನೆ ರಾತ್ರಿ ಕರೆಂಟ್ ಹೋಯಿತು. ಅಡುಗೆಮನೆಯಲ್ಲಿ ಮೋಂಬತ್ತಿ ಹಚ್ಚಿಕೊಂಡು ರೂಮಿನ ಕಡೆ ಹೊರಟೆ. ಗೊತ್ತಿಲ್ಲದಂತೆ ಅಂಗೈ ಅಡ್ಡ ಬಂದಿತ್ತು. ಹೆಜ್ಜೆ ತಾನಾಗೇ ನಿಧಾನ ಆಯಿತು. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತಿತ್ತು. ಊಟದ ಟೇಬಲ್ ಹತ್ತಿರ ಬರುವಷ್ಟರಲ್ಲಿ ಕಿಟಕಿಯಿಂದ ಗಾಳಿ ಬಂದು ಆರಿಹೋಯಿತು. ಕತ್ತಲಲ್ಲಿ ನಿಂತೆ. ಬೆಂಕಿಪೊಟ್ಟಣ ಜೇಬಲ್ಲೇ ಇತ್ತು. ಅಲ್ಲೇ ಹಚ್ಚಬಹುದಿತ್ತು. ಯಾಕೋ ಏನೋ, ತಿರುಗಿ ಅಡುಗೆಮನೆಗೆ ಹೋದೆ.

"ಮೊಬೈಲ್ ಟಾರ್ಚ್ ಹಾಕ್ಕೊಂಡು ಬರ‍್ರೀ" ಅಂತ ರೂಮಿನಿಂದ ಕೂಗು ಬಂತು.